ನವೆಂಬರಿನ ಥೇಮ್ಸ್‌ನಲ್ಲಿ ಬೆಂಡು, ಗಾಳ ಮತ್ತು ರೋಚ್ ಮೀನು

"ರೋಚ್ ಹಿಡಿಯೋಕೆ ಹೋಗ್ತಿದ್ದೀನಮ್ಮ" ಅಂದೆ. ಫೋನಿನ ಆ ಕಡೆಯಿಂದ ಅಮ್ಮ, "ಜಿರಳೆ ಹಿಡಿಯೋಕೆ ನದಿಗ್ಯಾಕೋ ಹೋಗ್ಬೇಕು?" ಅಂದಳು.

ರೋಚ್ ಅಂದರೆ ಇಲ್ಲಿ ಮೀನು. ನಮ್ಮ ಗೆಂಡೆಗೆ ದೂರದ ನೆಂಟ, ಎರಡೂ ಕಾರ್ಪ್ ಕುಲದವು. ಬೆಳ್ಳಿ ಮೈ, ಬೆನ್ನಿನ ಹತ್ತಿರ ನೀಲಿ ಹೊಳಪು, ಕೆಂಪು ರೆಕ್ಕೆ, ಕೆಂಪು ಕಣ್ಣು. ಅಂಗೈ ಉದ್ದದ್ದು ಸಿಕ್ಕರೆ ಸಂತೋಷ, ಒಂದು ಪೌಂಡ್ (ಸುಮಾರು ಅರ್ಧ ಕಿಲೊ) ತೂಗುವುದು ಸಿಕ್ಕರೆ ವಾರವೆಲ್ಲ ಹೇಳಿಕೊಂಡು ತಿರುಗಬಹುದು. ಎರಡು ಪೌಂಡಿನ ರೋಚ್ ಹಿಡಿಯದೆ ಮುದುಕರಾದವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಾನು ತಿರುಮಕೂಡಲು ನರಸೀಪುರದ ಕಡೆಯವನು. ಕಪಿಲೆ ಬಂದು ಕಾವೇರಿಗೆ ಸೇರುವ ಊರು. ಈಗ ಇರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲೂ ಕೆನೆಟ್ ನದಿ ಬಂದು ಥೇಮ್ಸ್‌ಗೆ ಸೇರುತ್ತದೆ. ಜಾತ್ರೆ ಇಲ್ಲ, ಅಷ್ಟೇ. ಚಿಕ್ಕವನಿದ್ದಾಗ ಸೋದರಮಾವನ ಜೊತೆ ಬಿದಿರು ಕಡ್ಡಿಗೆ ದಾರ ಕಟ್ಟಿ, ಜೋಳದ ದಂಟಿನ ಬೆಂಡು ಸಿಕ್ಕಿಸಿ, ಎರೆಹುಳು ಚುಚ್ಚಿ ಕೂರುತ್ತಿದ್ದೆ. ಅದೇ ಧೈರ್ಯದ ಮೇಲೆ ಇಲ್ಲಿ ಶುರು ಮಾಡಿದೆ. ಆ ಧೈರ್ಯ ಸಾಲಲಿಲ್ಲ. ಈ ನವೆಂಬರಿನಲ್ಲಿ ಎರಡು ಸಲ ಹೋದೆ. ಒಮ್ಮೆ ಬರಿಗೈ, ಒಮ್ಮೆ ಹದಿನೇಳು ಮೀನು. ಕಡ್ಡಿ ಅದೇ, ದಾರ ಅದೇ, ಕೂತ ಜಾಗವೂ ಅದೇ. ಬೇರೆ ಆಗಿದ್ದು ನೀರು, ಮತ್ತೆ ನಾನು ಮೇವು ಹಾಕಿದ ರೀತಿ.

ಮೊದಲು ಕಾಗದಪತ್ರ ಮುಗಿಸಿಬಿಡೋಣ. ಹದಿಮೂರು ವರ್ಷ ದಾಟಿದ ಯಾರೇ ಆಗಲಿ ಇಂಗ್ಲೆಂಡಿನ ನದಿಗಳಲ್ಲಿ ಗಾಳ ಹಾಕಬೇಕಾದರೆ ರಾಡ್ ಲೈಸೆನ್ಸ್ ಬೇಕು. ಸರ್ಕಾರದ ವೆಬ್‌ಸೈಟಿನಲ್ಲಿ ಐದು ನಿಮಿಷದ ಕೆಲಸ. ಒಂದು ದಿನದ್ದು, ಎಂಟು ದಿನದ್ದು, ವರ್ಷದ್ದು ಅಂತ ಮೂರು ಬಗೆ. 13ರಿಂದ 16ರ ಮಕ್ಕಳಿಗೆ ಪುಕ್ಕಟೆ, ಆದರೆ ತೆಗೆದುಕೊಂಡಿರಲೇಬೇಕು. ಇಲ್ಲದೆ ಸಿಕ್ಕಿಬಿದ್ದರೆ ದಂಡ 2,500 ಪೌಂಡ್‌ವರೆಗೂ ಹೋಗಬಹುದು. ನೆಂಟರು ಬಂದಿದ್ದಾರೆ, ಸುಮ್ನೆ ಹತ್ತು ನಿಮಿಷ ಕಡ್ಡಿ ಹಿಡಿಯಲಿ ಅಂತ ಕೊಡೋಕೆ ಹೋಗಬೇಡಿ. ಲೈಸೆನ್ಸ್ ಜೊತೆಗೆ ದಂಡೆಯ ಮಾಲೀಕರದ್ದೋ ಕ್ಲಬ್ಬಿನದ್ದೋ ಅನುಮತಿ ಬೇಕು. ಊರೊಳಗೆ ಕೆಲವು ಕಡೆ ಲೈಸೆನ್ಸ್ ಒಂದಿದ್ದರೆ ಸಾಕು, ಕೆಲವು ಕಡೆ ದಿನದ ಟಿಕೆಟ್ ಬೇಕು, ಮತ್ತೆ ಈ ಎರಡೂ ಬಗೆಯ ಜಾಗ ಅಕ್ಕಪಕ್ಕದಲ್ಲೇ ಇರಬಹುದು. ಬೋರ್ಡ್ ಓದಿ. ಗೊತ್ತಾಗದಿದ್ದರೆ ಮೀನು ಸಾಮಾನಿನ ಅಂಗಡಿಯಲ್ಲಿ ಕೇಳಿ. ಇನ್ನೊಂದು, ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಈ ಮೀನಿಗೆ ಗಾಳ ಹಾಕುವಂತಿಲ್ಲ. ಮೊಟ್ಟೆ ಇಡುವ ಕಾಲ.

ಬೇಸಿಗೆ ಬಿಟ್ಟು ಈ ಚಳಿಯಲ್ಲಿ ಯಾಕೆ ಅಂತ ಕೇಳಬಹುದು. ಬೇಸಿಗೆಯಲ್ಲಿ ಥೇಮ್ಸ್ ಅಂದರೆ ದೋಣಿಗಳ ಸಂತೆ. ಅಕ್ಟೋಬರ್ ಕಳೆದರೆ ಅವು ಕಡಿಮೆಯಾಗುತ್ತವೆ. ನೀರಿನೊಳಗಿನ ಪಾಚಿ, ಕಳೆ ಎಲ್ಲ ಸಾಯುತ್ತವೆ. ಅಡಗಿಕೊಳ್ಳೋಕೆ ಜಾಗ ಇಲ್ಲದೆ ರೋಚ್ ಮೀನುಗಳು ಗುಂಪುಗೂಡಿ, ಆಳವಾಗಿ ನಿಧಾನಕ್ಕೆ ಹರಿಯುವ ಕಡೆ ಬಂದು ನಿಲ್ಲುತ್ತವೆ. ಗುಂಪು ಸಿಕ್ಕರೆ ಹಬ್ಬ, ಸಿಗದಿದ್ದರೆ ಉಪವಾಸ.

ನನ್ನದು ಮೊದಲು ಉಪವಾಸವೇ ಆಯಿತು. ನವೆಂಬರ್ ಮೊದಲ ವಾರದ ಶನಿವಾರ ಅದು. ವಾರವಿಡೀ ಮಳೆ, ಹಿಂದಿನ ರಾತ್ರಿ ಜೋರು ಗಾಳಿ. ರಜಾ ಇದೆ ಅಂತ ಹೊರಟುಬಿಟ್ಟೆ. ನದಿ ತುಂಬ ಎಲೆ. ಅರಳಿ ಮರದ ಕೆಳಗೆ ಗುಡಿಸದೆ ಬಿಟ್ಟ ಅಂಗಳದ ಹಾಗೆ, ಆದರೆ ಅಂಗಳವೇ ಹರಿದುಹೋಗುತ್ತಿದೆ. ಮೇಲೆ ಕಾಣುವ ಎಲೆ ಪರವಾಗಿಲ್ಲ. ನೆನೆದು ಭಾರವಾಗಿ ನೀರಿನ ನಡುವೆ ತೇಲಿಬರುವ ಎಲೆಗಳೇ ಕಾಟ. ಪ್ರತಿ ಸಲ ಬೆಂಡು ಮುಳುಗಿದಾಗಲೂ ಎಳೆದೆ, ಪ್ರತಿ ಸಲವೂ ಎಲೆ. ನೀರು ಬೇರೆ ಏರುತ್ತಿತ್ತು, ಚಹಾದ ಬಣ್ಣ. ಮೂರು ಗಂಟೆ ಎಲೆ ಹಿಡಿದು ಮನೆಗೆ ಬಂದೆ.

ಆಮೇಲೆ ಬುದ್ಧಿ ಬಂತು. ಎನ್ವಿರಾನ್‌ಮೆಂಟ್ ಏಜೆನ್ಸಿಯವರು ನದಿಯ ಮಟ್ಟವನ್ನು ಆನ್‌ಲೈನಿನಲ್ಲಿ ಹಾಕುತ್ತಾರೆ. ದಿನಾ ನೋಡಿ. ಏರುತ್ತಿದ್ದರೆ ಮನೆಯಲ್ಲಿರಿ. ಏರಿ, ಎರಡು ಮೂರು ದಿನ ಇಳಿದು, ಒಂದು ಮಟ್ಟಕ್ಕೆ ನಿಂತ ಮೇಲೆ ಹೋಗಿ. ಒಂದು ಪ್ರವಾಹ ಬಂದರೆ ಎಲೆಯನ್ನೆಲ್ಲ ಅದೇ ಗುಡಿಸಿಕೊಂಡು ಹೋಗುತ್ತದೆ. ಥೇಮ್ಸ್‌ನ ಲಾಕ್‌ಗಳಲ್ಲಿ (ದೋಣಿಗಳನ್ನು ಏರಿಸಿ ಇಳಿಸುವ ಗೇಟುಗಳು) ದೋಣಿಯವರಿಗೆ ಸೆಳೆತದ ಎಚ್ಚರಿಕೆ ಬೋರ್ಡ್ ಹಾಕುತ್ತಾರೆ. ಹಳದಿ ಇದ್ದರೆ ಯೋಚನೆ ಮಾಡಿ, ಕೆಂಪು ಇದ್ದರೆ ಬೆಂಡಿನ ಗಾಳದ ಮಾತೇ ಬೇಡ. ದಂಡೆಯೂ ಜಾರುತ್ತದೆ. ನೀರಿನ ಬಣ್ಣವನ್ನೂ ನೋಡಿ. ಗಾಜಿನ ಹಾಗೆ ತಿಳಿಯಾಗಿದ್ದರೆ ಹಗಲಲ್ಲಿ ಮೀನು ಬಾಯಿ ತೆರೆಯೋದು ಕಷ್ಟ. ಸ್ವಲ್ಪ ಹಸಿರು ಕಟ್ಟಿದ ನೀರು ಒಳ್ಳೆಯದು.

ಎರಡನೇ ಸಲ ಹೋಗಿದ್ದು ಮೂರನೇ ವಾರ. ರೆಡಿಂಗ್ ಸ್ಟೇಷನ್ನಿನ ಉತ್ತರದ ಬಾಗಿಲಿನಿಂದ ಹೊರಬಿದ್ದರೆ ನದಿಗೆ ಹತ್ತು ನಿಮಿಷದ ನಡಿಗೆ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬರುವವರಿಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ, ಕಾರೇ ಬೇಡ. (ಲಂಡನ್ನಿನಲ್ಲಿ ಬಸವಣ್ಣನವರ ಪ್ರತಿಮೆ ಇರೋದೂ ಇದೇ ಥೇಮ್ಸ್ ದಂಡೆಯಲ್ಲೇ. 2015ರ ನವೆಂಬರಿನಲ್ಲಿ ಅನಾವರಣ ಆಯಿತು. ಬಂದವರು ಅದನ್ನೂ ನೋಡಿಕೊಂಡು ಹೋಗಿ. ಆದರೆ ಗಾಳದ ಕಡ್ಡಿ ಹಿಡಿದುಕೊಂಡು ಬಸವಣ್ಣನವರ ಮುಂದೆ ನಿಲ್ಲೋಕೆ ನನಗಂತೂ ಮುಜುಗರ.) ಕ್ಯಾವರ್ಶಮ್ ಸೇತುವೆಯಿಂದ ಮೇಲ್ಗಡೆಗೆ ನಡೆದೆ. ಕಟ್ಟಿಹಾಕಿದ ದೋಣಿಗಳು, ನೀರಿಗೆ ಬಾಗಿದ ಮರಗಳು ಇರುವ ಕಡೆ ಸ್ವಲ್ಪ ಕೆಳಗೆ ಕೂತೆ. ಅಂಥ ನೆರಳಿನಲ್ಲೇ ರೋಚ್ ನಿಲ್ಲೋದು. ಗಾಳಿ ಯಾವ ಕಡೆಯಿಂದ ಅಂತಲೂ ನೋಡಿಕೊಳ್ಳಿ. ಹರಿವಿಗೆ ಎದುರಾಗಿ ಬೀಸಿದರೆ ಒಳ್ಳೆಯದು. ಹರಿವಿನ ಜೊತೆಗೇ ಬೀಸಿದರೆ ದಾರ ಬೆಂಡಿಗಿಂತ ಮುಂದೆ ಓಡಿ ಬೆಂಡನ್ನು ಎಳೆದುಕೊಂಡು ಹೋಗುತ್ತದೆ.

ಸಾಮಾನಿನ ವಿಷಯದಲ್ಲಿ ಜಾಸ್ತಿ ದುಡ್ಡು ಸುರಿಯಬೇಡಿ. ಹದಿಮೂರು ಅಡಿಯ ಹಗುರವಾದ ಕಡ್ಡಿ, ಸಾಮಾನ್ಯ ರೀಲ್, ಮೂರು ಪೌಂಡ್ ತಡೆಯುವ ದಾರ, ಅದರ ತುದಿಗೆ ಇನ್ನೂ ತೆಳುವಾದ ಒಂದಡಿ ದಾರ, 18ನೇ ನಂಬರಿನ ಮುಳ್ಳಿಲ್ಲದ ಗಾಳ. ಉದ್ದ ಕಡ್ಡಿ ಯಾಕೆ ಅಂದರೆ, ದಾರವನ್ನು ನೀರಿನಿಂದ ಮೇಲೆ ಎತ್ತಿ ಹಿಡಿಯಬಹುದು. ಬೆಂಡು ಇಲ್ಲಿ ಕಡ್ಡಿಯ ಹಾಗೆ ತೆಳ್ಳಗೆ, ತುದಿಗೆ ಕೆಂಪು ಬಣ್ಣ. ಹಳಬರು ಈಗಲೂ ನವಿಲುಗರಿಯ ದಂಟಿನ ಬೆಂಡು ಬಳಸುತ್ತಾರೆ. ನಮ್ಮ ಹೊಲಗಳಲ್ಲಿ ಬಿದ್ದಿರೋದನ್ನ ಇಲ್ಲಿ ಅಂಗಡಿಯಲ್ಲಿ ಮಾರುತ್ತಾರೆ! ಬೆಂಡಿನ ಕೆಳಗಿನ ದಾರಕ್ಕೆ ಸಾಸಿವೆ ಕಾಳಿನಷ್ಟು ಚಿಕ್ಕ ತೂಕದ ಗುಂಡುಗಳನ್ನು ಸಮ ಅಂತರದಲ್ಲಿ ಕಚ್ಚಿಸಬೇಕು. ಅಂಗಿ ಗುಂಡಿಯ ಸಾಲು ಅಂತಲೇ ಇಲ್ಲಿಯವರು ಅದಕ್ಕೆ ಹೆಸರಿಟ್ಟಿದ್ದಾರೆ. ಊರಿನಿಂದ ಸೀಸದ ಗುಂಡು ತರಬೇಡಿ. ಹಂಸಗಳು ಅವನ್ನು ನುಂಗಿ ಸಾಯುತ್ತಿದ್ದವು ಅಂತ 1987ರಲ್ಲೇ ನಿಷೇಧಿಸಿದ್ದಾರೆ.

ಮೊದಲು ಆಳ ಅಳೆಯಿರಿ. ಗಾಳಕ್ಕೆ ಒಂದು ತೂಕ ಸಿಕ್ಕಿಸಿ ಇಳಿಬಿಟ್ಟು ಬೆಂಡನ್ನು ಮೇಲೆ ಕೆಳಗೆ ಜಾರಿಸಿದರೆ ಗೊತ್ತಾಗುತ್ತದೆ. ನಾನು ಕೂತ ಕಡೆ ಸುಮಾರು ಏಳು ಅಡಿ ಇತ್ತು. ಚಳಿಯಲ್ಲಿ ರೋಚ್ ತಳ ಬಿಟ್ಟು ಮೇಲೆ ಬರೋದು ಕಡಿಮೆ. ಹುಳು ತಳಕ್ಕೆ ತಾಗಿಯೂ ತಾಗದ ಹಾಗೆ ಹೋಗಬೇಕು.

ಈಗ ಮೇವು. ಎಲ್ಲ ಇರೋದು ಇಲ್ಲೇ. ಮ್ಯಾಗಟ್ ಅಂದರೆ ನೊಣದ ಮರಿಹುಳು, ಅಂಗಡಿಯಲ್ಲಿ ಪೈಂಟ್ (ಅರ್ಧ ಲೀಟರಿಗಿಂತ ತುಸು ಜಾಸ್ತಿ) ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಈ ದೇಶದಲ್ಲಿ ಬಿಯರ್, ಹಾಲು, ಹುಳು ಮೂರಕ್ಕೂ ಒಂದೇ ಅಳತೆ. ಎರಡು ಪೈಂಟ್ ಧಾರಾಳ ಸಾಕು. ಜೊತೆಗೆ ಹೆಂಪ್ ಕಾಳು, ಅಂದರೆ ಗಾಂಜಾ ಜಾತಿಯ ಗಿಡದ ಬೀಜ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಳು ಬಿರಿದು ಬಿಳಿ ಮೊಳಕೆಯ ಹಾಗೆ ಇಣುಕುವವರೆಗೆ ಬೇಯಿಸಬೇಕು. ಹುರಳಿ ಬೇಯಿಸಿದ ಹಾಗೆ, ವಾಸನೆ ಮಾತ್ರ ಅದಕ್ಕಿಂತ ಗಾಢ. ನನ್ನ ಹೆಂಡತಿ ಮೂಸಿ ನೋಡಿ, "ಇದಕ್ಕೊಂದು ಒಗ್ಗರಣೆ ಹಾಕಿದ್ರೆ ನೀವೇ ತಿನ್ನಬಹುದು" ಅಂದಳು.

ಮೊದಲ ಸಲ ನಾನು ಮಾಡಿದ ತಪ್ಪು, ಒಂದೇ ಸಲ ಅರ್ಧ ಡಬ್ಬಿ ಸುರಿದಿದ್ದು. ತಣ್ಣೀರಿನಲ್ಲಿ ಮೀನಿನ ಹಸಿವು ಕಡಿಮೆ. ಹೊಟ್ಟೆ ತುಂಬಿಸಿದರೆ ಗಾಳದ ಹುಳು ಯಾರಿಗೆ ಬೇಕು? ಈ ಸಲ ಅರ್ಧ ಗಂಟೆ ಗಾಳವನ್ನೇ ಹಾಕಲಿಲ್ಲ. ಎರಡು ನಿಮಿಷಕ್ಕೊಮ್ಮೆ ಒಂದು ಚಿಟಿಕೆ ಹೆಂಪ್, ಹತ್ತು ಹನ್ನೆರಡು ಹುಳು, ಸ್ವಲ್ಪ ಮೇಲ್ಗಡೆಗೆ ಎಸೆದೆ. ಆಮೇಲೆ ಪ್ರತಿ ಸಲ ಬೆಂಡು ಬಿಡುವ ಮುಂಚೆ ಅದೇ ಚಿಟಿಕೆ. ಮೀನು ಕಚ್ಚಲಿ ಬಿಡಲಿ, ಕೈ ನಿಲ್ಲಬಾರದು. ಬೇಸರದ ಕೆಲಸ, ಬೆರಳು ಮರಗಟ್ಟುತ್ತವೆ. ಆದರೆ ಗುಂಪು ಬಂದು ನಿಲ್ಲೋದು ಇದಕ್ಕೇ.

ಹನ್ನೊಂದರಿಂದ ಎರಡೂವರೆವರೆಗೆ ಸಿಕ್ಕಿದ್ದು ನಾಲ್ಕು, ಎಲ್ಲ ಬೆರಳುದ್ದದವು. ಮಧ್ಯೆ ತುಂತುರು ಬಂತು. ಹುಳುವಿನ ಡಬ್ಬಿ ತೆರೆದಿಟ್ಟು ಕಾಫಿ ಕುಡಿಯುತ್ತಾ ಕೂತೆ. ಒಣ ಹುಳು ಡಬ್ಬಿಯ ಗೋಡೆ ಹತ್ತಲಾರದು, ಒದ್ದೆಯಾದ ಹುಳು ಸರಾಗವಾಗಿ ಹತ್ತುತ್ತದೆ ಅನ್ನೋದು ಆಗ ಗೊತ್ತಾಯಿತು. ನೋಡುವಷ್ಟರಲ್ಲಿ ಪ್ಯಾಂಟಿನ ಮೇಲೆ, ಚೀಲದೊಳಗೆ, ಒಂದು ಶೂ ಒಳಗೆ. ಮಳೆ ಹನಿ ಬಿದ್ದ ಕೂಡಲೇ ಮುಚ್ಚಳ ಹಾಕಿ.

ಊಟಕ್ಕೆ ಚಿತ್ರಾನ್ನ ತಂದಿದ್ದೆ, ಚಮಚ ಮರೆತಿದ್ದೆ. ಹುಳು ಮುಟ್ಟಿದ ಕೈ, ನದಿ ನೀರಿನ ಕೈ. ಇಲ್ಲಿನ ನದಿಗಳಲ್ಲೂ ಇಲಿ ಜ್ವರದ ಭಯ ಇದೆ. ಸ್ಯಾನಿಟೈಸರ್ ಒಂದನ್ನೇ ನಂಬಬೇಡಿ. ಒಂದು ಬಾಟಲಿ ಮನೆ ನೀರು, ಸೋಪು, ಚಮಚ ಇಟ್ಟುಕೊಳ್ಳಿ. ಕೈಯಲ್ಲಿ ಗಾಯ ಇದ್ದರೆ ಪ್ಲಾಸ್ಟರ್ ಸುತ್ತಿಕೊಂಡು ಹೋಗಿ. ನಾನು ಡಬ್ಬಿಯ ಮುಚ್ಚಳದಲ್ಲೇ ಮೊಗೆದು ತಿಂದೆ.

ಮೂರು ಗಂಟೆಗೆ ಪಕ್ಕದ ದಂಡೆಯ ಇಬ್ಬರು ಗಂಟುಮೂಟೆ ಕಟ್ಟಿದರು. ನನಗೂ ಎದ್ದುಬಿಡೋಣ ಅನ್ನಿಸಿತು. ಏಳಬೇಡಿ. ಆ ವಾರ ಇಲ್ಲಿ ನಾಲ್ಕು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಅದರ ಹಿಂದಿನ ಒಂದು ಗಂಟೆಗಾಗಿಯೇ ಅಷ್ಟು ಹೊತ್ತಿನ ಮೇವು. ಬೆಳಕು ಬೂದಿ ಬಣ್ಣಕ್ಕೆ ತಿರುಗಿತು. ಬೆಂಡು ಹರಿವಿನಲ್ಲಿ ಸಾಗುತ್ತಾ ದೋಣಿಯ ಹಿಂಬದಿಗೆ ಬಂತು. ರೀಲಿನ ಮೇಲೆ ಬೆರಳಿಟ್ಟು ಒಂದು ಕ್ಷಣ ತಡೆದೆ. ಹೀಗೆ ತಡೆದಾಗ ಬೆಂಡು ನಿಂತು, ಹುಳು ಮಾತ್ರ ಮುಂದಕ್ಕೆ ತೂಗಿಕೊಂಡು ಮೇಲೇಳುತ್ತದೆ. ಕೆಂಪು ತುದಿ ಒಮ್ಮೆ ನಡುಗಿತು. ಇಲ್ಲ, ಎಲೆ ಅಂದುಕೊಂಡೆ. ಮತ್ತೆ ಬಿಟ್ಟೆ. ತುದಿ ಇತ್ತು, ಮರುಕ್ಷಣ ಇಲ್ಲ. ಎತ್ತಿದೆ. ಕಡ್ಡಿಯ ತುದಿಗೆ ಜಗ್, ಜಗ್, ಜಗ್ ಅಂತ ಮೂರು ಗುದ್ದು. ಎಲೆ ಗುದ್ದೋದಿಲ್ಲವಲ್ಲ!

ಬಲೆಯಲ್ಲಿ ಎತ್ತಿಕೊಂಡೆ. ಮುಕ್ಕಾಲು ಪೌಂಡ್ ಇತ್ತು. ಹಣೆಗೆ ಕಟ್ಟಿದ ದೀಪದ ಬೆಳಕಿಗೆ ಒಂದೊಂದು ಹುರುಪೆಯೂ ಹೊಸ ಸ್ಟೀಲ್ ತಟ್ಟೆಯ ಅಂಚಿನ ಹಾಗೆ ಮಿಂಚಿತು. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈಗೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ಗಾಳ ಬಿಡಿಸಿ ನೀರಿನಲ್ಲಿ ಹಿಡಿದೆ, ಬಾಲ ಒಂದು ಸಲ ಬಡಿದು ಹೋಯಿತು. ಅಲ್ಲಿಂದ ಕತ್ತಲಾಗುವವರೆಗೆ ಇನ್ನೂ ಹನ್ನೆರಡು. ಹದಿನೆಂಟನೆಯದನ್ನು ಅರ್ಧ ದಾರಿಯಲ್ಲಿ ಮೀನನ್ನೇ ತಿಂದು ಬದುಕುವ ಪೈಕ್ ಮೀನು ಕಸಿದುಕೊಂಡಿತು, ದಾರ ಸಮೇತ. ಅದರ ಮೇಲೆ ನನಗೇನೂ ದೂರಿಲ್ಲ.

ಎಲ್ಲವನ್ನೂ ಬಿಟ್ಟೆ ಅಂದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಒಂದು ಸಾರಿಗಾಗೋವಷ್ಟಾದ್ರೂ ಇಟ್ಕೋಬಾರದಿತ್ತಾ" ಅಂದಳು. ಕಾನೂನಿನಲ್ಲಿ ಇಪ್ಪತ್ತು ಸೆಂಟಿಮೀಟರ್ ಒಳಗಿನ ಸಣ್ಣ ಮೀನು ದಿನಕ್ಕೆ ಹದಿನೈದು ಇಟ್ಟುಕೊಳ್ಳಬಹುದು ಅಂತಿದೆ, ಅದೂ ಮಾಲೀಕರು ಒಪ್ಪಿದರೆ. ಆದರೆ ಇಲ್ಲಿ ಯಾರೂ ಇಟ್ಟುಕೊಳ್ಳೋದಿಲ್ಲ, ಕ್ಲಬ್ಬುಗಳು ಒಪ್ಪೋದೂ ಇಲ್ಲ. ಮುಳ್ಳು ಬೇರೆ ಜಾಸ್ತಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆಯವರೊಬ್ಬರು ನಮ್ಮ ಕಪಿಲೆಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಆ ಬಿಳಿಮೀನು ಈಗ ಅಳಿವಿನ ಅಂಚಿನಲ್ಲಿದೆ. ಅಮ್ಮನಿಗೆ ಅದನ್ನು ಹೇಳಿದೆ. "ನಿನ್ನ ಮೀನು ಮುಕ್ಕಾಲು ಪೌಂಡು" ಅಂತ ನೆನಪಿಸಿದಳು.

ಉಳಿದ ಹುಳುಗಳ ಬಗ್ಗೆ ಒಂದು ಮಾತು. ತಣ್ಣಗಿದ್ದರೆ ಅವು ವಾರ ಬದುಕುತ್ತವೆ, ಬೆಚ್ಚಗಿಟ್ಟರೆ ಬೇಗ ಕೋಶ ಕಟ್ಟಿ ಆಮೇಲೆ ನೊಣವಾಗುತ್ತವೆ. ಹಾಗಾಗಿ ಎಲ್ಲರೂ ಫ್ರಿಜ್ಜಿನಲ್ಲಿಡಿ ಅನ್ನುತ್ತಾರೆ. ನಾನೂ ಇಟ್ಟೆ, ಕೆಳಗಿನ ಖಾನೆಯಲ್ಲಿ, ದೋಸೆ ಹಿಟ್ಟಿನ ಪಾತ್ರೆಯ ಪಕ್ಕ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ದೋಸೆ ಆಗಲಿಲ್ಲ. ಈಗ ಶೆಡ್ಡಿನಲ್ಲಿ ಅವಕ್ಕೊಂದು ಐಸ್ ಪೆಟ್ಟಿಗೆ ಇದೆ.