ಎರಡಿಂಚಿನ ವೈರು

ನಮ್ಮ ಮಾರ್ಕ್ 3 ಅಂಬಾಸಿಡರ್ ಮಳೆಗಾಲದಲ್ಲಿ ಮೊದಲ ಸೆಲ್ಫ್ ಹೊಡೆತಕ್ಕೇ ಸ್ಟಾರ್ಟ್ ಆದದ್ದು ನಾನಂತೂ ನೋಡಿಲ್ಲ. ಅಪ್ಪನಿಗೆ ಅದು ದೂರೇ ಅಲ್ಲ. ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗೆ ಕರೆಂಟು ಕೂಡಿಸಿ ಕಡಿಯುವ ಪಾಯಿಂಟನ್ನು ಉಪ್ಪುಕಾಗದದಲ್ಲಿ ಉಜ್ಜುವರು. ಆಮೇಲೆ ಯಾವುದೋ ಮದುವೆ ಕರೆಯೋಲೆಯ ಮೂಲೆ ಹರಿದು ನಡುವೆ ತೂರಿಸಿ ಗ್ಯಾಪ್ ನೋಡುವರು. ಇರಬೇಕಾದದ್ದು 15 ಥೌ (ಇಂಚಿನ ಸಾವಿರದಲ್ಲಿ ಹದಿನೈದು ಪಾಲು), ಅಂದರೆ 0.38 ಮಿ.ಮೀ. ಕಾರ್ಡು ದಪ್ಪಗಿದ್ದರೆ "ಬೀಗರು ಅನುಕೂಲಸ್ಥರು" ಅನ್ನುವರು.

ಆ ಕೈಚಳಕ ನನಗೆ ಬರಲಿಲ್ಲ. ಕಳೆದ ಆಷಾಢದಲ್ಲಿ ಶಿರಾಡಿ ಘಾಟಿಯಲ್ಲಿ, ಮಾರನಹಳ್ಳಿ ಹತ್ತಿರ, ಗಾಡಿ ಮೂರು ಸಲ ನಿಂತಿತು. ಹಿಂದೆ ಲಾರಿಗಳ ಹಾರನ್ನು. ಪಾಯಿಂಟನ್ನು ತೆರೆಯುವ ಕ್ಯಾಮಿಗೆ ಉಜ್ಜುವ ಫೈಬರ್ ತುಂಡು ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಕಿಡಿಯ ಟೈಮಿಂಗ್ ಹಿಂದೆ ಬೀಳುತ್ತದೆ. ತಪ್ಪೆಲ್ಲ ಅದರದೇ ಎಂದುಕೊಂಡು ಎಲೆಕ್ಟ್ರಾನಿಕ್ ಇಗ್ನಿಶನ್ ಕಿಟ್ ತರಿಸಿದೆ.

ಮೇಸ್ತ್ರಿಗೆ ಮನಸ್ಸಿರಲಿಲ್ಲ. "ಪಾಯಿಂಟ್ ಕೈಕೊಟ್ರೆ ಉಜ್ಕೊಂಡು ಮನೆ ಸೇರ್ಬೋದು ಸಾರ್. ಇದು ಹೋದ್ರೆ ಟೋಯಿಂಗೇ."

ಪಾಯಿಂಟ್, ಕಂಡೆನ್ಸರ್ ತೆಗೆದು ಆ ಜಾಗಕ್ಕೆ ಸೆನ್ಸರ್ ಕೂರಿಸಿದೆವು. ರೋಟರ್ ಕೆಳಗೆ, ಕ್ಯಾಮಿನ ಮೇಲೆ, ಅಯಸ್ಕಾಂತದ ಬಳೆ. ಕೆಂಪು ವೈರು ಕಿಡಿ ಹುಟ್ಟಿಸುವ ಕಾಯಿಲಿನ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನು ಗಾಡಿಯ ಮೈಗೆ ಕೊಟ್ಟಿರುವುದುಂಟು, ಅಲ್ಲಿ ಹೀಗೆ ಜೋಡಿಸಿದರೆ ಕಿಟ್ ಸುಟ್ಟೇಹೋಗುತ್ತದೆ. ನಮ್ಮದು ಮೈನಸ್, ಬಚಾವ್. ಟೈಮಿಂಗ್ ಹೊಸದಾಗಿ ಹೊಂದಿಸಿ ಕೀ ತಿರುಗಿಸಿದರೆ ಮೊದಲ ಸಲಕ್ಕೇ ಗುರ್ ಅಂದಿತು. ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ಬೀಡಿ ಹಚ್ಚಿದರು.

ಎರಡು ಕಿಲೋಮೀಟರ್ ಹೋಗಿರಲಿಲ್ಲ, ಆಕ್ಸಿಲರೇಟರ್ ಒತ್ತಿದಾಗೆಲ್ಲ ಜಗ್ಗತೊಡಗಿತು. ಬಿಟ್ಟರೆ ಸರಿ, ಒತ್ತಿದರೆ ಕಿಡಿಯೇ ಇಲ್ಲ. ಕಾಯಿಲ್ ಬದಲಿಸಿದೆವು, ಪ್ಲಗ್ ವೈರ್ ಬದಲಿಸಿದೆವು. ಒಂದು ಗಂಟೆ ಹೋಯಿತು. ಕೊನೆಗೆ ಮೇಸ್ತ್ರಿ ಮುಚ್ಚಳ ಬಿಚ್ಚಿ, ವ್ಯಾಕ್ಯೂಮ್ ಪೈಪನ್ನು ಬಾಯಿಗಿಟ್ಟು ಎಳನೀರು ಹೀರುವಂತೆ ಹೀರಿದರು. ಸೆನ್ಸರ್ ಕೂತಿದ್ದ ಒಳಗಿನ ಪ್ಲೇಟು ಸರಕ್ಕನೆ ತಿರುಗಿತು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಹೀರುವುದೂ ಹೀಗೆಯೇ. ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಮೈಗೆ ಬಟ್ಟೆ ಸುತ್ತಿದ ಎರಡಿಂಚಿನ ಅರ್ಥ್ ವೈರು. ಹೊರಗೆ ನೆಟ್ಟಗೇ ಕಾಣುತ್ತಿತ್ತು. ಉಗುರಿನಿಂದ ಬಟ್ಟೆ ಸರಿಸಿದರೆ ಒಳಗಿನ ಎಳೆಗಳೆಲ್ಲ ತುಂಡು. ಪ್ಲೇಟು ತಿರುಗಿದಾಗ ತುದಿಗಳು ದೂರವಾಗಿ ಸೆನ್ಸರಿಗೆ ಅರ್ಥ್ ತಪ್ಪುತ್ತಿತ್ತು.

"ಪಾಯಿಂಟಿಗೂ ಅರ್ಥ್ ಇದೇ ವೈರಿಂದ್ಲೇ ಅಲ್ವಾ ಸಾರ್?" ಅಂದರು. "ಹಂಗಾದ್ರೆ ಶಿರಾಡೀಲಿ ನಿಂತಿದ್ದು...?"

ನಾನು ಬಾಯಿ ಬಿಡಲಿಲ್ಲ. ಮೆತ್ತನೆಯ ವೈರು ಕತ್ತರಿಸಿ ಬೆಸುಗೆ ಹಾಕಿದರು. ಅವತ್ತಿನಿಂದ ಇವತ್ತಿನವರೆಗೂ ಒಂದೇ ಸೆಲ್ಫ್.

ಹಳೇ ಪಾಯಿಂಟ್ ಸೆಟ್ ಎಸೆಯಲು ಮನಸ್ಸಾಗದೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿಡಲು ಹೋದೆ. ಮೂಲೆ ಹರಿದ ಕರೆಯೋಲೆಗಳು ನಾಲ್ಕೈದು ಸಿಕ್ಕವು. ಒಂದು ನನ್ನ ಮದುವೆಯದೇ. ತೀರಾ ತೆಳು ಕಾಗದ. ಹರಿದ ಕಡೆ ಎರಡು ಮಡಿಕೆ ಹಾಕಿದ ಗುರುತಿತ್ತು.