ಲೂಬೆಕ್‌ನ ಹೋಲ್ಸ್ಟೆನ್ ದ್ವಾರ, 1:100: ದಕ್ಷಿಣ ಗೋಪುರ ಕೊನೆಗೂ ಸರಿಯಾಗಿ ವಾಲಿದೆ

ಈ ಕೋಟೆಬಾಗಿಲಿನ ನೂರರಲ್ಲೊಂದು ಅಳತೆಯ ಮಾದರಿಗೆ ಒಳಗಿನ ಪಕ್ಕೆಲುಬು (ಗೋಡೆ ಹೊರುವ ಚೌಕಟ್ಟು) ಕತ್ತರಿಸಿದ್ದು, ಅಂಟಿಸಿದ್ದು, ಪ್ರೈಮರ್ ಹೊಡೆದದ್ದು ಇವೆಲ್ಲ ಈ ಕಂತಿನಲ್ಲಿ ಇಲ್ಲ. ಮಾದರಿ ಕಟ್ಟುವವರಿಗೆ ಅವು ಗೊತ್ತಿರುವ ಕೆಲಸಗಳೇ. ಈ ಸಲ ಬರೆಯಬೇಕಾದದ್ದು ಒಂದೇ ತಕರಾರಿನ ಬಗ್ಗೆ. ನೆಟ್ಟಗಿರುವ ಗೋಪುರವನ್ನು ಕಟ್ಟುವುದು ಸುಲಭ. ಐನೂರು ವರ್ಷದಿಂದ ವಾಲಿ ನಿಂತ ಗೋಪುರವನ್ನು ಅದು ವಾಲಿದ ಹಾಗೆಯೇ ಕಟ್ಟುವುದು ಬಹಳ ಕಷ್ಟ.

ಲೂಬೆಕ್ ಉತ್ತರ ಜರ್ಮನಿಯಲ್ಲಿದೆ, ಹಾನ್ಸಾ ಎಂಬ ಮಧ್ಯಯುಗದ ವರ್ತಕರ ಒಕ್ಕೂಟದ ರಾಣಿ ನಗರ. ಅದರ ಪಶ್ಚಿಮ ದಿಕ್ಕನ್ನು ಕಾಯಲು ನಗರದ ಕಟ್ಟಡಾಧಿಕಾರಿ ಹಿನ್ರಿಖ್ ಹೆಲ್ಮ್‌ಸ್ಟೆಡೆ 1464ರಿಂದ 1478ರ ನಡುವೆ ಈ ದ್ವಾರ ಕಟ್ಟಿಸಿದ. ಟ್ರಾವೆ ನದಿಯ ಪಕ್ಕದ ಕೆಸರುನೆಲ, ಅದರ ಮೇಲೆ ಮಣ್ಣು ಸುರಿದು ಎಬ್ಬಿಸಿದ ದಿಣ್ಣೆ, ಆ ದಿಣ್ಣೆಯ ಮೇಲೆ ಇಷ್ಟು ಭಾರದ ಇಟ್ಟಿಗೆ. ದಕ್ಷಿಣ ಗೋಪುರ ಕಟ್ಟುತ್ತಿರುವಾಗಲೇ ಕುಸಿಯತೊಡಗಿತು. ಮೇಸ್ತ್ರಿಗಳು ಕೆಲಸ ನಿಲ್ಲಿಸಲಿಲ್ಲ. ಕಟ್ಟುತ್ತಾ ಕಟ್ಟುತ್ತಾ ಓರೆಯನ್ನು ಸರಿದೂಗಿಸಲು ನೋಡಿದರು.

ಮಾದರಿ ಕಟ್ಟುವವರನ್ನು ಸಿಕ್ಕಿಸುವುದು ಈ ಕೊನೆಯ ವಾಕ್ಯವೇ. ಗೋಪುರದ ತಳವನ್ನು ಒಂದು ಕೋನದಲ್ಲಿ ಕತ್ತರಿಸಿ ನಿಲ್ಲಿಸಿದರೆ ಇಡೀ ಗೋಪುರ ಒಂದೇ ಕೋಲಿನಂತೆ ಒಂದೇ ಕಡೆ ಬಾಗುತ್ತದೆ, ಬೀಳುತ್ತಿರುವ ಕಂಬದಂತೆ ಕಾಣುತ್ತದೆ. ನಿಜವಾದದ್ದು ಹಾಗಿರಲಾರದು. ಕೆಳಗಿನ ವರಸೆಗಳು, ಅಂದರೆ ಇಟ್ಟಿಗೆಯ ಸಾಲುಗಳು, ಕಟ್ಟಿದ ಮೇಲೆ ನೆಲ ಕುಸಿದಿದೆ, ಹಾಗಾಗಿ ಅವುಗಳ ಓರೆ ಹೆಚ್ಚು. ಮೇಲಿನವು ಆ ಓರೆಯನ್ನು ನೋಡಿ ತಿದ್ದಿ ಕಟ್ಟಿದವು, ಅವುಗಳದ್ದು ಕಡಿಮೆ. ಗೋಪುರದ ನಡುಗೆರೆ ನೇರ ಗೆರೆಯಲ್ಲ, ಬಹಳ ಸಣ್ಣ ಬಾಗು. ಆ ಬಾಗು ತಪ್ಪಿದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ, ಹೋಲ್ಸ್ಟೆನ್ ದ್ವಾರ ಹೋಲ್ಸ್ಟೆನ್ ದ್ವಾರದಂತೆ ಕಾಣುವುದಿಲ್ಲ.

ಮೊದಲ ಪ್ರಶ್ನೆ: ಓರೆ ಎಷ್ಟು? ಚಿತ್ರಗಳನ್ನು ನಂಬಿ ಕೋನಮಾಪಕ ಇಟ್ಟರೆ ಖಂಡಿತ ಮೋಸ. ಹುಲ್ಲಿನ ಮೇಲೆ ನಿಂತು ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಎತ್ತಿದ ಕೂಡಲೇ ನೆಟ್ಟಗಿನ ಗೆರೆಗಳೆಲ್ಲ ಮೇಲೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಈ ಕಟ್ಟಡದ ಓರೆಯೂ ಒಳಮುಖವಾಗಿಯೇ ಇರುವುದರಿಂದ ಎರಡೂ ಬೆರೆತುಹೋಗುತ್ತವೆ. ಇವನ್ನು ಬೇರ್ಪಡಿಸುವ ದಾರಿ ಹೀಗೆ. ದೂರದಿಂದ, ಉದ್ದ ಲೆನ್ಸಿನಲ್ಲಿ, ಕಟ್ಟಡದ ನಟ್ಟನಡುವಿನ ನೇರಕ್ಕೆ ನಿಂತು ತೆಗೆದ ಚಿತ್ರಗಳನ್ನು ಮಾತ್ರ ಆರಿಸಬೇಕು. ಚಿತ್ರದ ಎರಡೂ ಬದಿಯಲ್ಲಿ ಬೀದಿದೀಪದ ಕಂಬ ಇದ್ದರೆ ಅದನ್ನೇ ತೂಗುಗುಂಡು ಎಂದು ಇಟ್ಟುಕೊಂಡು ಚಿತ್ರವನ್ನು ತಿದ್ದಬೇಕು. ಪಕ್ಕದ ಹಳೆಯ ಕಟ್ಟಡಗಳ ಅಂಚನ್ನು ಆಧಾರವಾಗಿ ಹಿಡಿಯಬೇಡಿ, ಅವೂ ಅದೇ ನೆಲದ ಮೇಲೆ ನಿಂತಿವೆ. ಆಮೇಲೆ ಗೋಪುರದ ಹೊರಅಂಚನ್ನು ಅಳೆಯದೆ, ಪ್ರತಿ ಎತ್ತರದಲ್ಲೂ ಎಡ ಅಂಚು ಬಲ ಅಂಚುಗಳ ನಡುಬಿಂದು ಗುರುತಿಸಿ, ಆ ಬಿಂದುಗಳನ್ನು ಸೇರಿಸಬೇಕು. ಸಿಗುವ ಗೆರೆಯೇ ಬೇಕಾದ ಬಾಗು. ಒಂದು ಪರೀಕ್ಷೆಯೂ ಇದೆ: ಕ್ಯಾಮೆರಾ ನಡುವಿನಲ್ಲಿದ್ದರೆ ಅದರಿಂದ ಬಂದ ಓರೆ ಎರಡೂ ಗೋಪುರಗಳಿಗೆ ಸಮ. ಎರಡರ ಅಳತೆಯಲ್ಲಿ ಉಳಿಯುವ ವ್ಯತ್ಯಾಸ ನೆಲ ಮಾಡಿದ್ದು.

ಹಳೆಯ ಚಿತ್ರಗಳು ಎಷ್ಟೇ ಸುಂದರವಾಗಿದ್ದರೂ ಅಳತೆಗೆ ಬೇಡ. 1933–34ರ ದುರಸ್ತಿಯಲ್ಲಿ ದಕ್ಷಿಣ ಗೋಪುರವನ್ನು ಕಾಂಕ್ರೀಟು, ಕಬ್ಬಿಣದ ಬಿಗಿತದಿಂದ ಹಿಡಿದು ನಿಲ್ಲಿಸಿದರು. ಅದರ ನಂತರದ ಚಿತ್ರಗಳೇ ನಮಗೆ ಪ್ರಮಾಣ.

ಎತ್ತರದ ಅಳತೆಗೆ ಇಟ್ಟಿಗೆಗಿಂತ ಒಳ್ಳೆಯ ಅಳತೆಕೋಲು ಇಲ್ಲ. ಉತ್ತರ ಜರ್ಮನಿಯ ಮಧ್ಯಯುಗದ ದೊಡ್ಡ ಇಟ್ಟಿಗೆ ಸುಮಾರು 28 × 14 × 9 ಸೆಂ.ಮೀ. ಗಾರೆಯ ಸಂದು ಸೇರಿಸಿದರೆ ಒಂದು ವರಸೆ ಹೆಚ್ಚುಕಡಿಮೆ 10 ಸೆಂ.ಮೀ., ಅಂದರೆ 1:100ರಲ್ಲಿ 1 ಮಿ.ಮೀ. ಚಿತ್ರದಲ್ಲಿ ವರಸೆ ಎಣಿಸಿದರೆ ಮಿಲಿಮೀಟರ್ ಸಿಕ್ಕಿತು. ಮಾದರಿಯನ್ನು ಆಟಿಕೆ ರೈಲಿನವರ 1:87ರ ಬದಲು 1:100ಕ್ಕೆ ಇಟ್ಟುಕೊಂಡದ್ದಕ್ಕೆ ಕಾರಣ ಇಷ್ಟೇ.

ಈಗ ಪರಿಹಾರ. ಕಟ್ಟಡದ ಸುತ್ತ ಸುಟ್ಟಮಣ್ಣಿನ ಅಲಂಕಾರದ ಎರಡು ಪಟ್ಟಿಗಳಿವೆ. ಆ ಪಟ್ಟಿಗಳಿರುವ ಎತ್ತರದಲ್ಲಿ ಗೋಪುರವನ್ನು ಅಡ್ಡಡ್ಡ ಕತ್ತರಿಸಿ ಮೂರು ತುಂಡು ಮಾಡಬೇಕು, ಊಟದ ಕ್ಯಾರಿಯರ್ ಡಬ್ಬಿಗಳಂತೆ. ಪ್ರತಿ ತುಂಡನ್ನೂ ಮೂಲೆಮಟ್ಟಕ್ಕೆ ಸರಿಯಾಗಿ, ನೆಟ್ಟಗೆ ಕಟ್ಟಿ, ಜೋಡಿಸುವಾಗ ನಡುವೆ ಓರೆಬಿಲ್ಲೆ, ಅಂದರೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾದ ಬಿಲ್ಲೆ, ಕೊಡಬೇಕು. ಲೆಕ್ಕ ಸರಳ: 100 ಮಿ.ಮೀ. ಅಗಲಕ್ಕೆ 1 ಡಿಗ್ರಿ ಓರೆ ಬೇಕಾದರೆ ದಪ್ಪ ಬದಿಯಲ್ಲಿ 1.75 ಮಿ.ಮೀ. ಏರಿಸಬೇಕು, ಕಾಲು ಡಿಗ್ರಿಗೆ 0.44 ಮಿ.ಮೀ. ತಳದ ಬಿಲ್ಲೆ ಪೂರ್ತಿ ಓರೆ ಕೊಡುತ್ತದೆ. ಮೇಲಿನ ಎರಡು ಸೇರುವೆಗಳ ಬಿಲ್ಲೆಗಳು ತಿರುಗಿ ಕೂತು, ಮೇಸ್ತ್ರಿಗಳು ಮಾಡಿದಂತೆಯೇ, ಸ್ವಲ್ಪ ಸ್ವಲ್ಪ ವಾಪಸು ಎಳೆಯುತ್ತವೆ. ಸೇರುವೆಯ ಗೆರೆ ಸುಟ್ಟಮಣ್ಣಿನ ಪಟ್ಟಿಯ ಹಿಂದೆ ಅಡಗಿಹೋಗುತ್ತದೆ. ಹೆಲ್ಮ್‌ಸ್ಟೆಡೆ ನಮಗಾಗಿಯೇ ಆ ಪಟ್ಟಿಗಳನ್ನು ಇಡಿಸಿದನೇನೋ ಅನ್ನಿಸುವಷ್ಟು ಅನುಕೂಲ.

ಇಷ್ಟು ತೆಳುವಾದ ಬಿಲ್ಲೆಯನ್ನು ಮರದಲ್ಲಿ ಉಜ್ಜಿ ತೆಗೆಯಲು ಹೋಗಬೇಡಿ. ಸಾಧಾರಣ 80 ಜಿಎಸ್‌ಎಂ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಕಾಲು ಡಿಗ್ರಿಗೆ ನಾಲ್ಕು ಹಾಳೆ ಸಾಕು: ಒಂದು 80 ಮಿ.ಮೀ. ಅಗಲ, ಅದರ ಮೇಲೆ 60, ಆಮೇಲೆ 40, ಕೊನೆಗೆ 20, ಎಲ್ಲವೂ ದಪ್ಪ ಬದಿಯ ಅಂಚಿಗೆ ಸೇರಿಸಿ. ತೆಳು ಸೂಪರ್‌ಗ್ಲೂ ಕುಡಿಸಿ ಗಟ್ಟಿಯಾದ ಮೇಲೆ 320ರ ಉಪ್ಪುಕಾಗದವನ್ನು ಗಾಜಿನ ಮೇಲೆ ಅಂಟಿಸಿ, ಬಿಲ್ಲೆಯನ್ನು ಅದರ ಮೇಲೆ ಹಗುರಾಗಿ ಎಳೆದರೆ ಮೆಟ್ಟಿಲು ಹೋಗಿ ಇಳಿಜಾರು ಆಗುತ್ತದೆ. ತುಂಡುಗಳ ನಡುವೆ ನೀರಿನ ಗೋಂದು ಬೇಡ. ಹಾಳೆ ಉಬ್ಬಿದರೆ ಲೆಕ್ಕ ಹಾಳು.

ಮೂರು ತುಂಡಿನ ಉಪಾಯದಿಂದ ಇನ್ನೊಂದು ತಲೆನೋವೂ ಹೋಯಿತು. ಕೆಂಪು ವರಸೆ, ಕಪ್ಪು ಗಾಜುಲೇಪದ ವರಸೆ ಒಂದರ ಮೇಲೊಂದು ಬರುವ ಕಡೆ, 1 ಮಿ.ಮೀ. ಎತ್ತರದ ಪಟ್ಟೆಗೆ ಮಾತ್ರ ಹೊಳಪು ಕೊಡಬೇಕು. ಕೈಯಲ್ಲಿ ಎಳೆದ ಗೆರೆ ಕೈಯಲ್ಲಿ ಎಳೆದಂತೆಯೇ ಕಾಣುತ್ತದೆ. ತುಂಡು ಇನ್ನೂ ನೆಟ್ಟಗಿರುವಾಗಲೇ ಅದನ್ನು ಕೇಕ್ ಅಲಂಕರಿಸುವ ತಿರುಗುಮಣೆಯ ಮೇಲೆ ನಡುವಿಗೆ ಕೂರಿಸಿ, ಪಕ್ಕದಲ್ಲಿ 6 ಮಿ.ಮೀ. ದಪ್ಪದ ತಿರುಪಿನ ಸರಳು (ಎಂ6) ನಿಲ್ಲಿಸಿ, ಅದರ ನಟ್ಟಿಗೆ ಹಳೆಯ ಡ್ರಾಯಿಂಗ್ ಪೆಟ್ಟಿಗೆಯ ರೂಲಿಂಗ್ ಪೆನ್, ಎರಡು ದವಡೆಗಳ ನಡುವೆ ಶಾಯಿ ಹಿಡಿಯುವ ಪೆನ್, ಕಟ್ಟಬೇಕು. ಎಂ6 ಸರಳಿನ ತಿರುಪು ಪ್ರತಿ ಸುತ್ತಿನಲ್ಲೂ ಸರಿಯಾಗಿ 1 ಮಿ.ಮೀ. ಏರುತ್ತದೆ. ಒಂದು ಸುತ್ತು ಒಂದು ವರಸೆ. ಎರಡು ಸುತ್ತು ತಿರುಗಿಸಿದರೆ ಮುಂದಿನ ಕಪ್ಪು ವರಸೆ. ಪೆನ್ನಿನ ದವಡೆ 0.7 ಮಿ.ಮೀ. ತೆರೆದಿರಲಿ. ಹೊಳಪಿನ ಅಕ್ರಿಲಿಕ್ ವಾರ್ನಿಶ್ ಮೂರು ಪಾಲು, ನೀರು ಒಂದು ಪಾಲು, ಕಪ್ಪು ಶಾಯಿ ಕೆಲವೇ ಹನಿ. ಪೆನ್ ಅಲ್ಲಾಡುವುದಿಲ್ಲ, ಗೋಪುರ ತಿರುಗುತ್ತದೆ. ವಾಲಿಸಿ ಜೋಡಿಸಿದ ಮೇಲೆ ಈ ಕೆಲಸ ಸಾಧ್ಯವೇ ಇಲ್ಲ. ಮೊದಲು ಬಳಿದು ಆಮೇಲೆ ವಾಲಿಸಿದರೆ ವರಸೆಗಳೂ ತಮ್ಮ ತಮ್ಮ ತುಂಡಿನ ಜೊತೆ ಸರಿಯಾಗಿ ಓರೆಯಾಗುತ್ತವೆ.

ಇಟ್ಟಿಗೆಯ ಗೆರೆ ಕೊರೆದ ಕಾರ್ಡನ್ನು ಗೋಪುರಕ್ಕೆ ಸುತ್ತುವಾಗ ಮರೆಯಬಾರದ ಎರಡು ಮಾತು. ಒಂದು, ದಪ್ಪ: 0.5 ಮಿ.ಮೀ. ಕಾರ್ಡನ್ನು ಅರ್ಧವೃತ್ತಕ್ಕೆ ಸುತ್ತಿದರೆ ಹೊರಮೈ ಒಳಮೈಗಿಂತ 1.57 ಮಿ.ಮೀ. ಉದ್ದ ಬೇಕು, ಅಂದರೆ ಅರ್ಧ ಇಟ್ಟಿಗೆಗಿಂತ ಹೆಚ್ಚು. ನಕ್ಷೆಯಲ್ಲಿ ಅದನ್ನು ಸೇರಿಸದಿದ್ದರೆ ನಗರಮುಖದ ಮೂಲೆಯಲ್ಲಿ ಸಂದುಗಳು ಕೂಡಿಬರುವುದಿಲ್ಲ. ಎರಡು, ನಾರು: ಕಾರ್ಡಿನ ನಾರು ಲಂಬವಾಗಿರಬೇಕು, ಆಗ ಮಾತ್ರ ಮುರಿಯದೆ ಬಾಗುತ್ತದೆ. ಆದರೆ ಕಾಗದ ಒದ್ದೆಯಾದರೆ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಅಂದರೆ ಇಲ್ಲಿ ಸುತ್ತಳತೆಯ ಉದ್ದಕ್ಕೇ. ಅದಕ್ಕೇ ಬಿಳಿ ಫೆವಿಕಾಲ್ ಬೇಡ, ಫೆವಿಬಾಂಡ್ ಥರದ ರಬ್ಬರ್ ಗೋಂದು. ಅಂಗಡಿಯಲ್ಲಿ ನಾರಿನ ದಿಕ್ಕು ಕೇಳಿದರೆ ಯಾರೂ ಹೇಳುವುದಿಲ್ಲ. ಒಂದು ಮೂಲೆ ಹರಿದು ಒದ್ದೆ ಮಾಡಿ ನೋಡಿ. ಅದು ಸುರುಳಿಯಾಗುವ ಅಕ್ಷವೇ ನಾರಿನ ದಿಕ್ಕು.

ಅಂಗಡಿ ಮಾತು ಬಂತಲ್ಲ, ಹೇಳಿಯೇಬಿಡಬೇಕು. ಲೇಸರ್ ಕತ್ತರಿಸುವವರು 2 ಮಿ.ಮೀ. ಎಂದು ಬಿಲ್ ಹಾಕಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ವರ್ನಿಯರ್‌ನಲ್ಲಿ 2.3 ತೋರಿಸಿತು. 2 ಮಿ.ಮೀ.ಗೆ ಬರೆದ ಸೀಳುಗಳಲ್ಲಿ ಒಂದು ಪಕ್ಕೆಲುಬೂ ಕೂರಲಿಲ್ಲ. ಮಳೆಗಾಲವಾದರೆ ಅದು ಇನ್ನೂ ಉಬ್ಬುತ್ತದೆ. ಕತ್ತರಿಸಲು ಕೊಡುವ ಮುನ್ನ ಅದೇ ಹಾಳೆಯ ಚೂರೊಂದನ್ನು ಕೇಳಿ ಅಳೆದುಕೊಳ್ಳಿ, 1.9ರಿಂದ 2.5ರವರೆಗೆ 0.1ರ ಅಂತರದಲ್ಲಿ ಸೀಳುಗಳಿರುವ ಪರೀಕ್ಷಾಪಟ್ಟಿಯನ್ನು ಮೊದಲು ಕೊರೆಸಿಕೊಳ್ಳಿ. ಹೊಳಪಿನ ವಾರ್ನಿಶ್ ಕೇಳಿದರೆ ಅರೆಹೊಳಪಿನದ್ದು ಕಳಿಸಿ "ಎರಡೂ ಒಂದೇ ಸಾರ್" ಎನ್ನುವ ಮಾರಾಟಗಾರರಿಗೆ ಹೋಲ್ಸ್ಟೆನ್ ದ್ವಾರದ ಗೋಡೆಯನ್ನೊಮ್ಮೆ ಬಿಸಿಲಿನಲ್ಲಿ ತೋರಿಸಬೇಕು.

ಸುಟ್ಟಮಣ್ಣಿನ ಪಟ್ಟಿಗೆ ರೆಸಿನ್‌ನ 3ಡಿ ಮುದ್ರಣವೇ ಸರಿ. ಫಲಕಗಳಲ್ಲಿ ಮೂರು ಅಲಂಕಾರ: ಲಿಲ್ಲಿ ಹೂ, ಜಾಲರಿ, ನಾಲ್ಕು ಮುಳ್ಳೆಲೆ. ಇವು ಯಾವ ಕ್ರಮಕ್ಕೂ ಸಿಗದಂತೆ ಬರುತ್ತವೆ, ಆದರೆ ಎಂಟು ಫಲಕ ಮುಗಿದ ಮೇಲೆ ಒಂಬತ್ತನೆಯದು ಬೇರೆ: ಲೂಬೆಕ್‌ನ ಹದ್ದಿನ ಲಾಂಛನ ಅಥವಾ ಒಂದು ಮರ, ಎರಡು ಬದಿಯಲ್ಲಿ ಹಿಡಿದು ನಿಂತ ಇಬ್ಬರು. ಕಂಪ್ಯೂಟರಿನಲ್ಲಿ ಒಂದು ತುಂಡು ಮಾಡಿ ನಕಲು ಹೊಡೆಯುತ್ತಾ ಹೋದರೆ ದೂರದಿಂದಲೇ ಪುನರಾವರ್ತನೆ ಕಣ್ಣಿಗೆ ಹೊಡೆಯುತ್ತದೆ. ಮೂರೂ ನಮೂನೆಯ ಫಲಕಗಳನ್ನು ಬಿಡಿಬಿಡಿಯಾಗಿ ಮುದ್ರಿಸಿ ಬಟ್ಟಲಿಗೆ ಹಾಕಿ ಕಲಸಿ, ಕೈಗೆ ಸಿಕ್ಕಿದಂತೆ ಎಂಟು ಅಂಟಿಸಿ, ಒಂಬತ್ತನೆಯದಕ್ಕೆ ಲಾಂಛನ. ಹದ್ದಿನ ವಿವರದಲ್ಲಿ ಮಧ್ಯಯುಗದ ಶುದ್ಧತೆ ಹುಡುಕಿ ಸಮಯ ಕಳೆಯಬೇಡಿ. ಈಗಿರುವ ಪಟ್ಟಿಗಳು 1865–70ರ ದುರಸ್ತಿಯಲ್ಲಿ ಹೊಸದಾಗಿ ಮಾಡಿದವು. ಮೂಲದ ಮೂರೇ ಫಲಕ ಉಳಿದಿವೆ, ಹದ್ದು ಮೂಲದಂತಿಲ್ಲ. ಕಟ್ಟಡವೇ ಉಳಿದದ್ದು ದೊಡ್ಡದು: 1863ರಲ್ಲಿ ಕೆಡವಬೇಕೇ ಬೇಡವೇ ಎಂದು ನಗರದ ಪ್ರತಿನಿಧಿ ಸಭೆ ಮತ ಹಾಕಿದಾಗ ಒಂದೇ ಒಂದು ಮತದ ಅಂತರದಲ್ಲಿ ಪಾರಾಯಿತು.

ಜೋಡಣೆಯ ಕ್ರಮ ಮುಖ್ಯ. ಎರಡು ಗೋಪುರ ಮೊದಲು, ನಡುಕಟ್ಟಡ ಕೊನೆಗೆ. ವಾಲಿದ ಗೋಪುರಕ್ಕೂ ನಡುಕಟ್ಟಡಕ್ಕೂ ನಡುವಿನ ಜಾಗ ಆಯತ ಅಲ್ಲ. ಚೌಕವಾಗಿ ಕತ್ತರಿಸಿದ ಗೋಡೆ ಮೇಲೆ ಸಿಕ್ಕಿಕೊಳ್ಳುತ್ತದೆ, ಕೆಳಗೆ ಸಂದು ಬಿಡುತ್ತದೆ, ಆ ಸಂದನ್ನು ಪುಟ್ಟಿಯಿಂದ ಮುಚ್ಚಿದರೆ ಇಟ್ಟಿಗೆಯ ಗೆರೆ ಸಾಯುತ್ತದೆ. ಗೋಪುರ ಒಣಗಿ ನಿಂತ ಮೇಲೆ ತೆಳು ಕಾಗದ ಇಟ್ಟು ಜಾಗದ ಆಕಾರ ತೆಗೆದುಕೊಂಡು, ಆ ಅಚ್ಚಿನಂತೆ ಗೋಡೆ ಕತ್ತರಿಸಿ. ಗೋಪುರದ ಪಟ್ಟಿ ನಡುಕಟ್ಟಡದ ಪಟ್ಟಿಗೆ ಸಮವಾಗಿ ಬರದಿದ್ದರೆ ಗಾಬರಿ ಬೇಡ, ಅದನ್ನು ಬಲವಂತವಾಗಿ ಕೂಡಿಸಲೂ ಬೇಡ.

ತಳಹಲಗೆ 18 ಮಿ.ಮೀ. ಪ್ಲೈ. ಹೊರಮುಖದ ಅತಿ ಕೆಳಗಿನ ತೋಪಿನ ಕಂಡಿಗಳು ಇವತ್ತು ನೆಲಮಟ್ಟಕ್ಕಿಂತ ಸುಮಾರು ಅರ್ಧ ಮೀಟರ್ ಕೆಳಗಿವೆ: ಕಟ್ಟಡ ಇಳಿದದ್ದೂ ಹೌದು, ನೆಲ ಏರಿದ್ದೂ ಹೌದು. ಹಲಗೆಯಲ್ಲಿ 5 ಮಿ.ಮೀ. ಕುಳಿ ತೋಡಿ ಗೋಪುರ ಇಳಿಸಿದರೆ ಅದು ತಾನಾಗಿ ಬರುತ್ತದೆ, ಗೋಪುರಕ್ಕೆ ಭದ್ರವಾದ ಹಿಡಿತವೂ ಸಿಗುತ್ತದೆ. ಕಂಡಿಗಳ ಹಿಂದೆ ಕಪ್ಪು ಕಾಗದ ಅಂಟಿಸಿ ಮುಗಿಸುವಂತಿಲ್ಲ. ಹೊರಮುಖದ ಗೋಡೆ ಮೂರೂವರೆ ಮೀಟರ್‌ಗಿಂತ ದಪ್ಪ, ನಗರಮುಖದ್ದು ಒಂದು ಮೀಟರ್‌ಗಿಂತ ಕಡಿಮೆ. ದ್ವಾರ ಶತ್ರುವಿನ ಕೈಗೆ ಸಿಕ್ಕರೆ ನಗರದ ಕಡೆಯಿಂದ ಒಡೆಯಲು ಸುಲಭವಾಗಲಿ ಎಂದು ಹೀಗೆ ಕಟ್ಟಿದರು ಎಂಬ ವಿವರಣೆ ಇದೆ. ಮಾದರಿಯಲ್ಲಿ ಪ್ರತಿ ಕಂಡಿಗೂ 35 ಮಿ.ಮೀ. ಆಳದ ಸುರಂಗ ಬೇಕು; ಒಳಕ್ಕೆ ಅಗಲವಾಗುತ್ತಾ ಹೋಗುವ ಕಾರ್ಡಿನ ಪೆಟ್ಟಿಗೆ, ಮೊದಲ 10 ಮಿ.ಮೀ. ಇಟ್ಟಿಗೆ ಬಣ್ಣ, ಉಳಿದದ್ದು ಕಪ್ಪು. ಬದಿಯಿಂದ ನೋಡಿದಾಗ ಈ ದಪ್ಪವೇ ಕಟ್ಟಡಕ್ಕೆ ತೂಕ ಕೊಡುತ್ತದೆ.

ಶಂಕುವಿನ ಚಾವಣಿಗೆ ಕೋನ = 360 × ತ್ರಿಜ್ಯ ÷ ಇಳಿಜಾರಿನ ಉದ್ದ. ತ್ರಿಜ್ಯ 55, ಇಳಿಜಾರು 120 ಇದ್ದರೆ 165 ಡಿಗ್ರಿಯ ಬೀಸಣಿಗೆ. ಶಂಕು ಮೇಲಿನ ತುಂಡಿನ ಓರೆಯನ್ನೇ ಹಿಡಿಯಬೇಕು. 200 ಮಿ.ಮೀ. ಎತ್ತರದಲ್ಲಿ 1 ಡಿಗ್ರಿ ಅಂದರೆ ತುದಿ 3.5 ಮಿ.ಮೀ. ಸರಿಯುತ್ತದೆ, ಕಣ್ಣು ಇದನ್ನು ತಕ್ಷಣ ಹಿಡಿಯುತ್ತದೆ.

ವಾರ್ನಿಶ್ ಒಣಗುವ ಹೊತ್ತಿನಲ್ಲಿ ಮನಸ್ಸು ಪಕ್ಕದ ಉಪ್ಪಿನ ಕೋಠಿಗಳ ಕಡೆ ಓಡಿತು. 1579ರಿಂದ 1745ರ ನಡುವೆ ಕಟ್ಟಿದ ಆರು ಕೋಠಿಗಳು, ಒಂದರ ಮುಖದಂತೆ ಇನ್ನೊಂದಿಲ್ಲ. ಲ್ಯೂನೆಬುರ್ಗ್‌ನ ಉಪ್ಪು ಕಾಲುವೆಯಲ್ಲಿ ಬಂದು ಇಲ್ಲಿ ಸೇರಿ, ಸ್ಕ್ಯಾಂಡಿನೇವಿಯಾದ ಮೀನಿಗೆ ಹೋಗುತ್ತಿತ್ತು. ಮುಖಗಳು ಚಪ್ಪಟೆ, ಲೇಸರ್‌ಗೆ ಹಬ್ಬ. ಟ್ರಾವೆಯ ನೀರಿಗೆ 3 ಮಿ.ಮೀ. ಅಕ್ರಿಲಿಕ್ ಹಾಳೆಯ ಹಿಂಬದಿಗೆ ಬೂದು-ಹಸಿರು ಬಳಿದರೆ ಸಾಕು, ರೆಸಿನ್ ಸುರಿಯುವ ಖರ್ಚು ಬೇಡ. ಅದಾದ ಮೇಲೆ ಉತ್ತರ ದಿಕ್ಕಿನ ಬುರ್ಗ್ ದ್ವಾರ, ಅದರ 1685ರ ಗಂಟೆಯಾಕಾರದ ಚಾವಣಿ. ಅದಕ್ಕೆ ಕಾಗದ ಸಾಲದು, ಮರ ಕಡೆಯಬೇಕು.

ಹೋಲ್ಸ್ಟೆನ್ ದ್ವಾರದಲ್ಲಿ ಇನ್ನು ಉಳಿದಿರುವುದು ಅಕ್ಷರಗಳು. ಹೊರಮುಖದ ಲ್ಯಾಟಿನ್ ಬರಹ, ಒಳಗೆ ಒಗ್ಗಟ್ಟು ಹೊರಗೆ ಶಾಂತಿ ಎಂಬರ್ಥದ್ದು, 19ನೇ ಶತಮಾನದ್ದು. ನಗರಮುಖದಲ್ಲಿ 1477 ಮತ್ತು 1871 ಎಂಬ ಚಿನ್ನದ ಅಂಕಿಗಳಿವೆ. ಕಟ್ಟಡ ಮುಗಿದದ್ದು 1478ರಲ್ಲಿ, ಆದರೂ ಮಾದರಿಯಲ್ಲಿ 1477 ಎಂದೇ ಇರಬೇಕು, ಗೋಡೆಯ ಮೇಲೆ ಇರುವುದು ಅದೇ. ನೀರಿನಲ್ಲಿ ಜಾರಿಸಿ ಅಂಟಿಸುವ ತೆಳು ಮುದ್ರಿತ ಪದರ, ಡೆಕಾಲ್‌ಗೆ ಇಂಕ್‌ಜೆಟ್ ಚಿನ್ನದ ಬಣ್ಣ ಬರುವುದಿಲ್ಲ. ಲೇಸರ್ ಪ್ರಿಂಟರಿನ ಕಪ್ಪು ಟೋನರ್ ಮೇಲೆ ಲೋಹದ ಫಾಯಿಲ್ ಇಟ್ಟು ಲ್ಯಾಮಿನೇಟರ್‌ನಲ್ಲಿ ಎಳೆಯುವ ಪ್ರಯೋಗ ಮುಂದಿನ ಕಂತಿಗೆ.