ಕೌಂಟರಿನಲ್ಲಿ ಕೇಳಿದ ಪ್ರಶ್ನೆ

ಗೋವಾದ ಕಲಂಗುಟ್‌ನಲ್ಲಿ ರೂಮು ಹಿಡಿಯೋಕೆ ಹೋದ್ರೆ, ಕೌಂಟರಿನ ಹುಡುಗಿ ನನ್ನ ಆಧಾರ್ ಪಕ್ಕಕ್ಕಿಟ್ಟು, ಬಗ್ಗಿ ನಮ್ಮಕ್ಕನ ಮಗಳನ್ನೇ ಕೇಳಿದಳು. ಅದೂ ಕನ್ನಡದಲ್ಲಿ.

"ಪುಟ್ಟಿ, ಇವರು ಯಾರು ನಿಂಗೆ?"

"ನಮ್ಮ ಮಾಮಾ. ರಾತ್ರಿ ಗೊರಕಿ ಹೊಡಿತಾನ."

ಪಕ್ಕದಲ್ಲಿದ್ದವರೆಲ್ಲ ನಕ್ಕರು. ನನಗೆ ಕಿವಿ ಬಿಸಿ. ಅಕ್ಕ ಭಾವನ ಕಾರು ಇನ್ನೂ ಘಾಟಿಯಲ್ಲಿತ್ತು. ಫೋನ್ ಹಚ್ಚಿ ಅಕ್ಕನ ಹತ್ರ ಮಾತಾಡಿಸಿದ ಮೇಲೇ ಕೀಲಿ ಕೊಟ್ಟಿದ್ದು.

ಮೆಟ್ಟಿಲು ಹತ್ತುವಾಗ ಗೊಣಗಿದೆ. ನನ್ನ ಮುಖ ನೋಡಿದ್ರೆ ಹಂಗನ್ಸುತ್ತಾ?

ಆಮೇಲೆ ನೆನಪಾಯ್ತು, ಇದೇ ಗೋವಾದ ಫ್ರೆಡ್ಡಿ ಪೀಟ್ಸ್. ಮಡಗಾಂವ್‌ನಲ್ಲಿ ಅನಾಥ ಮಕ್ಕಳ ಮನೆ ನಡೆಸ್ತಿದ್ದವನು. ಒಳಗೆ ಮಕ್ಕಳನ್ನ ಲೈಂಗಿಕ ಶೋಷಣೆಗೆ ಪ್ರವಾಸಿಗಳಿಗೆ ಒಪ್ಪಿಸ್ತಿದ್ದ. 1991ರಲ್ಲಿ ಸಿಕ್ಕಿಬಿದ್ದ, 1996ರಲ್ಲಿ ಜೀವಾವಧಿ ಶಿಕ್ಷೆ ಆಯ್ತು. ಅವನ ಮುಖ ನೋಡಿದವರಿಗೂ ಏನೂ ಅನಿಸಿರಲಿಲ್ಲವಲ್ಲ.

ಗೋವಾದ 2003ರ ಮಕ್ಕಳ ಕಾಯ್ದೆ ಪ್ರಕಾರ, ಮನೆಯವರು, ಸಂಬಂಧಿಕರ ಜೊತೆ ಅಂತ ನೋಂದಣಿ ಆಗದ ಮಗುವನ್ನ ಲಾಡ್ಜಿನ ರೂಮಿಗೆ ಬಿಡೋ ಹಾಗಿಲ್ಲ. ಆಸ್ಟ್ರೇಲಿಯಾ 2017ರಲ್ಲಿ ಇನ್ನೂ ಮೊದಲೇ, ಹೊರಡೋ ಜಾಗದಲ್ಲೇ ತಡೆ ಹಾಕ್ತು: ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಸರ್ಕಾರದ ಅಪರಾಧಿ ಪಟ್ಟಿಯಲ್ಲಿರೋರಿಗೆ ಪಾಸ್‌ಪೋರ್ಟೇ ಸಿಗದ ಹಾಗೆ ಕಾನೂನು ಮಾಡ್ತು. ಸರಿ, ಆದರೆ ಮೊದಲ ಸಲ ಇಂಥ ಕೆಲಸಕ್ಕೆ ಹೊರಟವನು ಯಾವ ಪಟ್ಟಿಯಲ್ಲಿರ್ತಾನೆ? ಅವನಿಗೆ ಇಂಥ ಕೌಂಟರೇ ಅಡ್ಡ ಬರಬೇಕು.

ಸಂಜೆ ಕೆಳಗಿಳಿದಾಗ ಆ ಹುಡುಗಿ "ಬೇಜಾರಾಯ್ತಾ ಸರ್?" ಅಂದಳು. ಇಲ್ಲಮ್ಮ ಅಂದೆ. ಊರು ಕೇಳಿದ್ರೆ ಗದಗ ಅಂತೆ.

ನಮ್ಮ ಪುಟ್ಟಿ ಮಾತ್ರ ಕಂಡಕಂಡವರಿಗೆಲ್ಲ ಗೊರಕೆ ಸುದ್ದಿ ಹೇಳ್ತಾ ಓಡಾಡ್ತಿದೆ.